ಅಕ್ಕನ ಮನೆಯ ಮೇಲಿನ ಗೋಣಿಚೀಲಗಳು

ಸದರ್ ಪೇಟೆಯಲ್ಲಿ ಕೂಲರ್ ರಿಪೇರಿಯವರು ಹಳೆಯ ಹುಲ್ಲು ಕಿತ್ತು, ಹೊಸದು ತುಂಬಿ, ನೀರು ಬಿಟ್ಟು ನೋಡಲು ಶುರು ಮಾಡಿದರೆ ಇಡೀ ರಸ್ತೆಗೆ ಒಂದು ತಂಪು ವಾಸನೆ ಹರಡುತ್ತದೆ. ನಾಗಪುರದ ಜನ ಆ ವಾಸನೆಗೆ ಒಂದು ಗಳಿಗೆ ನಿಂತು, ಉಸಿರು ಎಳೆದುಕೊಂಡು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಆ ವಾಸನೆ ಬಂದರೆ ಫೋನು ಕೈಗೆ ಬರುತ್ತದೆ. ಈ ವರ್ಷ ಅದು ಹೋಳಿಹುಣ್ಣಿಮೆಗಿಂತ ಮೊದಲೇ ಬಂತು. ಗಾಡಿ ಬದಿಗೆ ಹಚ್ಚಿ ಅಕ್ಕನಿಗೆ ಫೋನು ಮಾಡಿದೆ. ಅವಳು ಎತ್ತಲು ತಡಮಾಡಿದಳು. ರಿಂಗು ಹೋಗುತ್ತಿದ್ದ ಹಾಗೆಯೇ ಗಾಡಿಯನ್ನು ಅವಳ ಮನೆಯ ಕಡೆ ತಿರುಗಿಸಿಬಿಟ್ಟಿದ್ದೆ. ಕಡೆಗೆ ಎತ್ತಿದಳು. ಏನಿಲ್ಲ, ಸುಮ್ಮನೆ ಮಾಡಿದೆ ಎಂದೆ. ಇನ್ನೂ ಬಿಸಿಲೇ ಬಿದ್ದಿಲ್ಲ, ಈಗಲೇ ಶುರು ಮಾಡಿದೆಯಾ ಎಂದು ಇಟ್ಟುಬಿಟ್ಟಳು.

ಅವಳು ಫೋನು ಎತ್ತುವವರೆಗಿನ ಆ ಹೊತ್ತು ನನಗೆ ಪ್ರತಿ ಬೇಸಿಗೆಯಲ್ಲೂ ಹಾಗೆಯೇ. ಅದಕ್ಕೆ ಕಾರಣ ಹಿಂದಿನ ಒಂದು ಬೇಸಿಗೆ. ಅದನ್ನು ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಶಾಲೆ ಐದನೆಯ ಇಯತ್ತೆಗೆ ಬಿಟ್ಟವನು ನಾನು. ಬರೆದು ರೂಢಿಯಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ವಿಜಯಪುರದ ಕಡೆ. ಶಾಂತಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಉಣ್ಣಿಸಿದವಳು ಅವಳೇ. ಅವಳ ಗಂಡ ಸಿದ್ದಪ್ಪ ಮಾವ ನಾಗಪುರದ ಕಳಮನಾ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುತ್ತಿದ್ದ. ಮದುವೆಯಾಗಿ ಇಲ್ಲಿಗೆ ಬರುವಾಗ ಅವಳು ನನ್ನನ್ನೂ ಕರೆದುಕೊಂಡು ಬಂದಳು. ಅವರಿಗೆ ಮಕ್ಕಳಾಗಲಿಲ್ಲ, ಆ ಆಸೆಯನ್ನೂ ನನ್ನಲ್ಲೇ ತೀರಿಸಿಕೊಂಡಳು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಅವರ ಮನೆ. ಇಟ್ಟಿಗೆ ಗೋಡೆ, ಮೇಲೆ ತಗಡು. ನಾನು ದೊಡ್ಡವನಾದಂತೆ ಗಾರೆ ಹಾಕುವ ಗೌಂಡಿ ಕೆಲಸ ಕಲಿತು, ಬೇರೆ ಕೋಣೆ ಮಾಡಿಕೊಂಡೆ. ಆದರೂ ರವಿವಾರದ ಊಟ ಅಕ್ಕನ ಮನೆಯಲ್ಲೇ.

ಅಕ್ಕ ಸದರ್‌ನ ಒಂದು ಅಂಗಡಿಯಿಂದ ಸೀರೆ ತಂದು ಫಾಲು ಹಚ್ಚಿ ಕೊಡುತ್ತಿದ್ದಳು. ಕೈಹೊಲಿಗೆ. ಮೇಲಿನಿಂದ ನೋಡಿದರೆ ಒಂದು ಟಾಕೆಯೂ ಕಾಣಬಾರದು, ಹಾಗೆ ಹೊಲಿಯುವಳು. ದೊಡ್ಡ ಮನೆಯ ಹೆಂಗಸರು ಆ ಮದ್ರಾಸಿ ಬಾಯಿಯ ಕೈಯಿಂದಲೇ ಆಗಬೇಕು ಎಂದು ಅಂಗಡಿಯವನಿಗೆ ಹೇಳುತ್ತಿದ್ದರಂತೆ. ನಾವು ಮದ್ರಾಸಿನವರಲ್ಲ ಎಂದು ಅಕ್ಕ ಎಷ್ಟು ಸಲ ಹೇಳಿದರೂ ಅವರಿಗೆ ಅದೇ ಬಾಯಿಗೆ ಬಂದಿತ್ತು.

ಅವಳ ಕೈ ಬಗ್ಗೆ ಇನ್ನೊಂದು ಮಾತು. ನಾನು ಮೊದಲ ಸಲ ಏಣಿ ಹತ್ತಿದ್ದು ಅವರ ಮನೆಯ ತಗಡಿಗೆ ಸಿಮೆಂಟು ಮೆತ್ತಲು. ಕೆಳಗೆ ಅಕ್ಕ ಏಣಿ ಹಿಡಿದು ನಿಂತಿದ್ದಳು. ನಾನು ಪ್ರತಿ ಮೆಟ್ಟಿಲಿಗೂ ಕೆಳಗೆ ನೋಡುತ್ತಿದ್ದೆ. "ನಾನು ಹಿಡಿದೀನಿ, ನೀ ಮ್ಯಾಲೆ ನೋಡು" ಎಂದಳು. ಅಂದಿನಿಂದ ಅವಳ ಮನೆಯ ಕೆಲಸಕ್ಕೆ ಯಾವಾಗ ಏಣಿ ಹಾಕಿದರೂ ಹಿಡಿಯುವವಳು ಅವಳೇ. ಮಾವ ಹಿಡಿಯಲು ಬಂದರೆ ಸರಿಸಿಬಿಡುವಳು. ನೂರು ಕೇಜಿಯ ಚೀಲ ಹೊರುವವನಿಗೆ ಒಂದು ಬಿದಿರಿನ ಏಣಿ ಹಿಡಿಯಲು ಬರುವುದಿಲ್ಲವೇ ಎಂದು ಮಾವ ನಗುತ್ತಿದ್ದ.

ಆ ವರ್ಷದ ಬಿಸಿಲು ಬೇರೆಯಾಗಿತ್ತು. ನಾಗಪುರಕ್ಕೆ ಬಿಸಿಲು ಹೊಸದಲ್ಲ. ಮೇ ಕೊನೆಯ ನೌತಪಾದ ಒಂಬತ್ತು ಉರಿ ದಿನಗಳಿಗೆ ಇಲ್ಲಿಯವರು ಮೊದಲೇ ತಯಾರಾಗಿರುತ್ತಾರೆ. ಜೇಬಿನಲ್ಲಿ ಉಳ್ಳಾಗಡ್ಡಿ, ತಲೆಗೆ ದುಪಟ್ಟಾ, ಮನೆಯಲ್ಲಿ ಮಾವಿನಕಾಯಿಯ ಪಾನಕ ಪನ್ಹ. ಆದರೆ ಆ ವರ್ಷ ನೌತಪಾ ಬರುವುದಕ್ಕೆ ಬಹಳ ಮುಂಚೆಯೇ ಅದರ ಬಿಸಿಲು ಬಂದು ಕುಳಿತಿತ್ತು. ಮೊದಲೆಲ್ಲ ಹೊತ್ತು ಮುಳುಗಿದ ಮೇಲೆ ಗೋಡೆ ತಣ್ಣಗಾಗುತ್ತಿತ್ತು. ಆ ವರ್ಷ ಬೆಳಗಿನ ಜಾವಕ್ಕೆ ಗೋಡೆ ಮುಟ್ಟಿದರೂ ಜ್ವರ ಬಂದವರ ಮೈ ಮುಟ್ಟಿದಂತಿತ್ತು. ನಾವು ಗೌಂಡಿಗಳು ಹನ್ನೊಂದಕ್ಕೆ ಕೆಲಸ ನಿಲ್ಲಿಸಿ ಸಂಜೆ ಮತ್ತೆ ಹತ್ತುತ್ತಿದ್ದೆವು. ಗಾರೆ ಕಲಸಿದ್ದು ಕಲಸಿದ ಹಾಗೆಯೇ ಬಿಗಿದುಕೊಳ್ಳುತ್ತಿತ್ತು.

ಬಿಸಿಲು ಹೆಚ್ಚಾದಂತೆ ನಮಗೆ ಹೊಸ ಕೆಲಸ ಹುಟ್ಟಿತು. ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹಚ್ಚುವುದು. ಮೊದಲು ಯಾರೋ ಒಬ್ಬಿಬ್ಬರು ಹಚ್ಚಿಸುತ್ತಿದ್ದರು. ಆ ವರ್ಷ ಊರಿಗೆ ಊರೇ ಎದ್ದು ನಿಂತಂತಾಯಿತು. ನನ್ನ ಠೇಕೇದಾರನನ್ನು ಎಲ್ಲರೂ ಭಾವು, ಅಂದರೆ ಮರಾಠಿಯಲ್ಲಿ ಅಣ್ಣ, ಎನ್ನುತ್ತಿದ್ದರು. ಅವನಿಗೆ ರಾಮದಾಸಪೇಠ್‌ನಲ್ಲಿ ಒಂದು ಹೊಸ ಬಿಲ್ಡಿಂಗಿನ ಕೆಲಸವೂ ಇತ್ತು, ಅದರ ಜೊತೆಗೆ ಈ ಬಣ್ಣದ ಕೆಲಸಗಳೂ ಬಂದವು. ಬಣ್ಣದ ಕೆಲಸ ನನ್ನ ಮೇಲೆ ಬಿಟ್ಟ. ಮಳೆಗಾಲದೊಳಗೆ ನನ್ನನ್ನು ಮುಕಾದಮ ಮಾಡುವುದಾಗಿ, ಆಳುಗಳು ನನ್ನ ಕೈಕೆಳಗೆ ಬರುವುದಾಗಿ ಹೇಳಿದ. ನನಗೆ ಅದೇ ಗುಂಗು ಹಿಡಿಯಿತು. ಅವನು ಕರೆದರೆ ಊಟದ ತಟ್ಟೆ ಬಿಟ್ಟು ಏಳುತ್ತಿದ್ದೆ.

ಒಂದು ರವಿವಾರ ಅಕ್ಕನ ತಗಡಿನ ಮೇಲೆ ಹತ್ತಿದೆ. ಅಲ್ಲಿ ಅವಳದೇ ಒಂದು ವ್ಯವಸ್ಥೆ ಇತ್ತು. ಮಾರ್ಕೆಟ್ಟಿನ ಹರಿದ ಗೋಣಿಚೀಲಗಳನ್ನು ಮಾವ ತಂದು ಕೊಡುತ್ತಿದ್ದ. ಅವಳು ಬಿಚ್ಚಿ, ಒಗೆದು, ಒಂದಕ್ಕೊಂದು ಹೊಲಿದು, ಇಡೀ ತಗಡಿಗೆ ದುಪ್ಪಟಿ ಹೊದಿಸಿದಂತೆ ಹೊದಿಸಿ ಮೇಲೆ ಇಟ್ಟಿಗೆ ಇಟ್ಟಿದ್ದಳು. ಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು ಚೊಂಬಿನಿಂದ ನೀರು ಎರಚುವಳು. ಮೆಣಸಿನಕಾಯಿಯ ಚೀಲಗಳೇ ಹೆಚ್ಚು. ಎಷ್ಟು ಒಗೆದರೂ ಘಾಟು ಹೋಗುತ್ತಿರಲಿಲ್ಲ. ನೀರು ಬಿದ್ದ ಕೂಡಲೇ ಅಕ್ಕಪಕ್ಕದವರೆಲ್ಲ ಸೀನುತ್ತಿದ್ದರು. ಪಕ್ಕದ ಮನೆಯ ಕಮಲಾಬಾಯಿಗೆ ಆ ಸೀನೇ ಗಡಿಯಾರ. ಮಧ್ಯಾಹ್ನವಾಯಿತು ಎಂದು ಚಹಕ್ಕೆ ಇಡುವಳು.

ನಾನು ಚೀಲ ಎತ್ತಿ ನೋಡಿದೆ. ಕೆಳಗೆ ತಗಡು, ನಾವು ಪತ್ರಾ ಎನ್ನುವುದು, ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಊರಿನ ಮಾಳಿಗೆಗಳಿಗೆಲ್ಲ ಬಣ್ಣ ಹಚ್ಚಿ ಬಂದ ಗರ್ವ ನನ್ನ ತಲೆಯಲ್ಲಿತ್ತು. ಇವುಗಳಿಂದಲೇ ಪತ್ರಾ ಕೊಳೆಯುತ್ತಿದೆ, ಇದೆಲ್ಲ ಹಳೇ ಕಾಲದ್ದು, ಕಿತ್ತು ಹಾಕಿ ಬಣ್ಣ ಹಚ್ಚುತ್ತೇನೆ ಎಂದೆ.

ಕೆಳಗಿನಿಂದ ಅಕ್ಕ ಹೇಳಿದಳು: "ಹಚ್ಚು. ಆದ್ರ ಬಣ್ಣ ತಂದ ಮ್ಯಾಲೆ ಚೀಲ ತಗಿ, ತಮ್ಮಾ."

"ಪತ್ರಾ ತಿಕ್ಕಿ ಒಣಗಿಸ್ಬೇಕು ಅಕ್ಕಾ. ಇವತ್ತ ತಗದ್ರ ನಾಳಿ ಹಚ್ಚಾಕ ಬರ್ತೈತಿ. ಬಣ್ಣದ ಬಕೆಟ್ ನನ್ನ ಖೋಲ್ಯಾಗ ಐತಿ."

ಅದು ಸುಳ್ಳಲ್ಲ. ಭಾವು ಒಂದು ಬಕೆಟ್ ಬಣ್ಣವನ್ನು ಅಕ್ಕನ ಮನೆಗೆಂದೇ ನನಗೆ ಕೊಟ್ಟಿದ್ದ. ಮಾವ ಬಾಗಿಲಲ್ಲಿ ಕುಳಿತು, ನಿನ್ನ ತಮ್ಮ ಇಂಜಿನಿಯರ್ ಆಗ್ಯಾನ, ಸುಮ್ಮನಿರು ಎಂದು ಅವಳನ್ನು ಚುಡಾಯಿಸಿದ. ನಾನು ಚೀಲಗಳನ್ನು ಕಿತ್ತು, ತಂತಿಯ ಬ್ರಶ್ಶಿನಿಂದ ತಗಡು ತಿಕ್ಕಿ ತೊಳೆದೆ. ಇಳಿದಾಗ ತಗಡು ಹೊಳೆಯುತ್ತಿತ್ತು. ನೋಡಿ ಖುಷಿಯಾಯಿತು. ತಿಕ್ಕಿದ ತಗಡು ಬಿಸಿಲಿಗೆ ಇನ್ನೂ ಕಾಯುತ್ತದೆಯೋ ಏನೋ ಎಂದು ಆಗ ಯೋಚಿಸಲೂ ಇಲ್ಲ.

ಚೀಲಗಳನ್ನು ಎಸೆಯಲಿಲ್ಲ. ಅವು ನನಗೆ ಬೇಕಾಗಿದ್ದವು. ರಾಮದಾಸಪೇಠ್‌ನ ಬಿಲ್ಡಿಂಗಿನಲ್ಲಿ ಆಗಷ್ಟೇ ಕಾಂಕ್ರೀಟ್ ಕಂಬಗಳನ್ನು ಹಾಕಿದ್ದೆವು. ಹಸಿ ಕಂಬಕ್ಕೆ ಗೋಣಿಚೀಲ ಸುತ್ತಿ ನೀರು ಕುಡಿಸುತ್ತ ಇರಬೇಕು, ಇಲ್ಲದಿದ್ದರೆ ಬಿಸಿಲಿಗೆ ಬಿರುಕು ಬಿಡುತ್ತದೆ. ಆ ಬಿಸಿಲಿನಲ್ಲಿ ಎಲ್ಲರ ಕಂಬಕ್ಕೂ ಚೀಲ ಬೇಕಾಗಿ, ಎಲ್ಲಿಯೂ ಸಿಗುತ್ತಿರಲಿಲ್ಲ. ಅಕ್ಕನ ಹೊಲಿಗೆ ಬಿಚ್ಚಿ ಆ ಚೀಲಗಳನ್ನು ಕಂಬಗಳಿಗೆ ಸುತ್ತಿದೆ. ಭಾವು ಬೆನ್ನು ತಟ್ಟಿದ. ಆಳುಗಳು ನೀರು ಹಾಕುತ್ತ ಸೀನತೊಡಗಿದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಮರುದಿನ ಬೆಳಿಗ್ಗೆ ಹೋಗಿ ಬಣ್ಣ ಹಚ್ಚಬೇಕಿತ್ತು. ಭಾವು ಇನ್ನೊಂದು ಕಡೆ ಕಳಿಸಿದ. ಸಂಜೆ ಹೋಗೋಣ ಎಂದುಕೊಂಡೆ, ಸಂಜೆ ಕಂಬಗಳಿಗೆ ನೀರು ಹಾಕುವವನು ಬಂದಿರಲಿಲ್ಲ, ನಾನೇ ನಿಂತೆ. ನಮ್ಮ ಕೆಲಸದಲ್ಲಿ ಒಂದು ರೀತಿ ಇದೆ. ಬಿಚ್ಚಿದ ಮೇಲೆ ಮುಚ್ಚದೆ ಹೋಗಬಾರದು. ಯಾರದೋ ಮನೆಯ ಮಾಳಿಗೆಯನ್ನು ಹಾಗೆ ಬಿಚ್ಚಿ ಬಿಟ್ಟಿದ್ದರೆ ಮಾಲೀಕ ನಿಲ್ಲಿಸಿ ಕೇಳುತ್ತಿದ್ದ. ಅಕ್ಕ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಕ್ಕನ ಕೆಲಸ ಅಲ್ಲವೇ, ಯಾವಾಗಲಾದರೂ ಮಾಡಬಹುದು.

ಆ ವಾರದ ನಡುವೆ ಭಾವು ಫೋನು ಮಾಡಿದ. ರಾಮದಾಸಪೇಠ್‌ನಲ್ಲೇ ಒಂದು ಬಂಗಲೆಯ ಮಾಳಿಗೆಗೆ ಬಣ್ಣ ಹಚ್ಚುವುದಿತ್ತು, ಅವರ ಮನೆಯಲ್ಲಿ ಲಗ್ನ, ಬಣ್ಣ ಕಡಿಮೆ ಬಿದ್ದಿತ್ತು. ಅಂಗಡಿಗಳಲ್ಲಿ ಮಾಲು ಖಾಲಿ.

"ಬಸೂ, ತೇರೇ ಪಾಸ್ ಏಕ್ ಬಾಲ್ಟಿ ಹೈ ನಾ?" ಎಂದ. ನಿನ್ನ ಹತ್ತಿರ ಒಂದು ಬಕೆಟ್ ಇದೆಯಲ್ಲ ಎಂದು.

ಅದು ಅಕ್ಕನ ಮನೆಯದು ಎಂದು ಹೇಳಲು ಒಂದು ಉಸಿರು ಸಾಕಾಗಿತ್ತು. ಅವನಿಗೂ ಅದು ಗೊತ್ತಿತ್ತು. ಬಹುಶಃ ನಾನು ಏನು ಹೇಳುತ್ತೇನೆ ಎಂದು ನೋಡಲೆಂದೇ ಕೇಳಿದನೋ ಏನೋ. ನಾನು "ಹೈ ಭಾವೂ" ಎಂದೆ.

ಆ ಸಂಜೆ ಅಕ್ಕನ ಫೋನು ಬಂತು. ಬೈಯಲು ಮಾಡಿದ್ದಲ್ಲ. ಅವಳ ದನಿ ಒಣಗಿತ್ತು.

"ತಮ್ಮಾ, ಪತ್ರಾ ಮಾತಾಡಾಕತ್ತೈತಿ."

ಬಿಸಿಲಿಗೆ ಕಾದ ತಗಡು ಹಿಗ್ಗಿ ಟಕ್ ಟಕ್ ಎನ್ನುತ್ತದೆ. ಚೀಲ ಹೊದ್ದಿದ್ದಾಗ ಅದು ಎಂದೂ ಸದ್ದು ಮಾಡಿರಲಿಲ್ಲ. ಅದು ಹಾಗೆಯೇ, ಹೆದರಬೇಡ ಎಂದೆ. ಹೆದರಿಕೆಯಲ್ಲ, ಹೊಲಿಯಲು ಕುಳಿತರೆ ಕಣ್ಣಿಗೆ ಬೆವರು ಇಳಿಯುತ್ತದೆ, ಸೀರೆಗೆ ಕಲೆ ಬೀಳುತ್ತದೆ ಎಂದಳು. ಆಮೇಲೆ ಕೇಳಿದಳು, "ಬಣ್ಣದ್ದು ಏನಾತು?"

"ಮಾಲು ಬಂದಿಲ್ಲಕ್ಕಾ. ಇಡೀ ಊರಾಗ ಇಲ್ಲ."

ಊರಿಗೆ ಅದು ನಿಜ. ಅವಳೊಬ್ಬಳಿಗೆ ಮಾತ್ರ ಸುಳ್ಳು.

"ಅಂದಮ್ಯಾಲೆ ನೀನರ ಏನ್ ಮಾಡ್ತಿ. ಬಿಡು. ಎರಡು ಚೀಲ ಇದ್ರ ತಂದು ಕೊಡು, ಅಲ್ಲಿತನಕ ಹಾಸ್ತೀನಿ."

ತರುತ್ತೇನೆ ಎಂದೆ. ತರಲಿಲ್ಲ. ಕಂಬಗಳು ಇನ್ನೂ ಹಸಿ ಇದ್ದವು.

ಬಂಗಲೆಯ ಮಾಳಿಗೆಗೆ ಅಕ್ಕನ ಬಕೆಟ್ಟನ್ನು ನಾನೇ ಹೊತ್ತುಕೊಂಡು ಹೋದೆ. ಅಲ್ಲಿ ಪ್ರತಿ ಕೋಣೆಗೂ ಎಸಿ ಇತ್ತು. ಬಣ್ಣ ಹಚ್ಚಿದರೆ ಎಸಿಗೆ ಭಾರ ಕಡಿಮೆಯಾಗುತ್ತದೆ ಎಂದು ಮಾಲೀಕರು ಹೇಳಿದರು. ಬೆಳಗಿನಿಂದ ಹಚ್ಚುತ್ತ ಹೋದೆವು. ಹನ್ನೊಂದಕ್ಕೆ ನಿಲ್ಲಿಸಬೇಕಿತ್ತು, ಲಗ್ನದವರ ಅವಸರಕ್ಕೆ ನಿಲ್ಲಿಸಲಿಲ್ಲ. ಕಡೆಯ ಮೂಲೆ ಮುಗಿಸಿ, ನೀರಿನ ಟಾಕಿಯ ನೆರಳಿನಲ್ಲಿ ಬ್ರಶ್ಶು ತೊಳೆಯುತ್ತಿದ್ದೆ. ಹೊಸ ಬಿಳುಪಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅಂಗಾಲಿಗೆ ಮಾಳಿಗೆ ತಂಪಾಗಿ ಹತ್ತಿತು. ಎಷ್ಟು ಜಲ್ದಿ ತಂಪಾಯಿತು ಎಂದು ಆಶ್ಚರ್ಯಪಡುತ್ತಿರುವಾಗಲೇ ಫೋನು ಬಂತು.

ಕಮಲಾಬಾಯಿ. ಮರಾಠಿಯಲ್ಲಿ ಗಡಬಡಿಸಿ ಮಾತನಾಡುತ್ತಿದ್ದಳು. ಮೊದಲು ಏನೂ ತಿಳಿಯಲಿಲ್ಲ. ಇಂದು ಮಧ್ಯಾಹ್ನ ಅಕ್ಕನ ಮನೆ ಕಡೆಯಿಂದ ಏನೂ ಸದ್ದಿಲ್ಲ ಎಂದು ಒಳಗೆ ಹೋಗಿ ನೋಡಿದ್ದಾಳೆ. ಅಕ್ಕ ನೆಲದ ಮೇಲೆ ಬಿದ್ದಿದ್ದಾಳೆ. ಮೈ ಕೆಂಡದಂತೆ ಸುಡುತ್ತಿದೆ, ಬೆವರೇ ಇಲ್ಲ, ಏನೇನೋ ಬಡಬಡಿಸುತ್ತಿದ್ದಾಳೆ. ಸೂಜಿ ಇನ್ನೂ ಕೈಯಲ್ಲೇ ಇದೆ.

ನಾನು ಹೋಗುವಷ್ಟರಲ್ಲಿ ಓಣಿಯ ಹೆಂಗಸರು ಅವಳನ್ನು ಬೇವಿನ ಮರದ ಕೆಳಗೆ ತಂದು ಒದ್ದೆ ಸೀರೆ ಸುತ್ತಿದ್ದರು. ಕಂಬಕ್ಕೆ ಚೀಲ ಸುತ್ತಿದ ಹಾಗೆ. ಅದೇ ನನ್ನ ಕಣ್ಣಿಗೆ ಬಿತ್ತು, ದೇವರೇ, ಅಂಥ ಹೊತ್ತಿನಲ್ಲೂ ಅದೇ. ನಾನು ಒಳಗೆ ಓಡಿ ಚೊಂಬು ತರಲು ಹೋದೆ. ಒಳಗೆ ತಲೆಯ ಮೇಲೆ ತಗಡು ಟಕ್ ಟಕ್ ಎನ್ನುತ್ತಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಬಿಸಿಲು ಬಡಿದವರಿಗೆಂದೇ ಒಂದು ವಾರ್ಡು ಮಾಡಿದ್ದರು. ಅಲ್ಲಿ ಮಂಜುಗಡ್ಡೆ ಇಟ್ಟರು, ಸಲೈನು ಹಚ್ಚಿದರು, ಮಾಡುವುದೆಲ್ಲ ಮಾಡಿದರು. ಅವಳಿಗೆ ಎಚ್ಚರವಾಗುವವರೆಗೆ ಮಾವ ಮತ್ತು ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದೆವು. ಮಾವ ತನ್ನನ್ನೇ ಬೈದುಕೊಳ್ಳುತ್ತಿದ್ದ. ಮಾರ್ಕೆಟ್ಟಿನಲ್ಲಿ ಇಷ್ಟು ಚೀಲ ಬಿದ್ದಿರುತ್ತವೆ, ನಾಲ್ಕು ತಂದು ಹಾಕಲಿಲ್ಲವಲ್ಲ, ಇಂದು ಬಣ್ಣ ಬರುತ್ತದೆ ನಾಳೆ ಬರುತ್ತದೆ ಎಂದು ಕಾದೆನಲ್ಲ ಎಂದ. "ನೀನರ ಏನ್ ಮಾಡ್ತಿ, ಮಾಲೇ ಬರದಿದ್ರ" ಎಂದು ನನ್ನ ಹೆಗಲ ಮೇಲೆ ಕೈ ಇಟ್ಟ. ನನ್ನ ಉಗುರಿನ ಸಂದಿಯಲ್ಲಿ ಬಿಳಿ ಬಣ್ಣವಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ಅಂದು ಮಾವನಿಗೆ ಹೇಳಿದ್ದರೆ ಅವನು ಹೊಡೆಯುತ್ತಿದ್ದ, ಅಷ್ಟಕ್ಕೆ ಮುಗಿಯುತ್ತಿತ್ತು. ಹೇಳಲಿಲ್ಲ.

ಅಕ್ಕ ಉಳಿದಳು. ಆದರೆ ಕೈ ನಡುಗುವುದು ನಿಲ್ಲಲಿಲ್ಲ. ತಲೆಗೆ ಏರಿದ ಬಿಸಿ ಮೆದುಳಿಗೆ ಪೆಟ್ಟು ಕೊಟ್ಟಿದೆ, ಸ್ವಲ್ಪ ಸುಧಾರಿಸಬಹುದು, ಪೂರ್ತಿ ಹೋಗಲಿಕ್ಕಿಲ್ಲ ಎಂದರು ಡಾಕ್ಟರು. ಚೊಂಬು ಎತ್ತಿದರೆ ನೀರು ತುಳುಕುತ್ತಿತ್ತು. ಮಾತು ತುಸು ತೊದಲುತ್ತಿತ್ತು, ಅದು ಬರಬರುತ್ತ ಸರಿಹೋಯಿತು. ಕೈಯ ನಡುಕ ಹೋಗಲಿಲ್ಲ. ಅಂಗಡಿಯವನು ಸೀರೆ ಕಳಿಸುವುದನ್ನು ಬಿಟ್ಟ. ಬ್ಲೌಸಿಗೆ ಹುಕ್ಕು ಹಚ್ಚುವ ಒರಟು ಕೆಲಸ ಮಾತ್ರ ಉಳಿಯಿತು, ಅದಕ್ಕೂ ಅವಳಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ.

ಅವಳು ಮನೆಗೆ ಬರುವ ಮೊದಲೇ ನಾನು ಭಾವುವಿನ ಕೆಲಸ ಬಿಟ್ಟು ಅವಳ ಮನೆಯ ಕೆಲಸಕ್ಕೆ ನಿಂತೆ. ತಗಡನ್ನು ಒಂದು ಮೊಳ ಎತ್ತರಿಸಿ, ಗೋಡೆಗೂ ತಗಡಿಗೂ ನಡುವೆ ಗಾಳಿ ಓಡಾಡಲು ಜಾಗ ಬಿಟ್ಟೆ. ಕೆಳಗೆ ಬಿದಿರಿನ ತಟ್ಟಿ ಕಟ್ಟಿದೆ. ಅಂಗಡಿಗೆ ಮಾಲು ಬಂದ ದಿನವೇ ಮೇಲೆ ಬಿಳಿ ಬಣ್ಣ ಹಚ್ಚಿದೆ. ಓಣಿಯವರೆಲ್ಲ ಬಂದು ನೋಡಿ ಹೊಗಳಿದರು. ತಮ್ಮ ಎಂದರೆ ಹೀಗಿರಬೇಕು ಎಂದಳು ಕಮಲಾಬಾಯಿ. ಅಕ್ಕನೂ ಬಂದವರಿಗೆಲ್ಲ ಅದನ್ನೇ ಹೇಳುವಳು. ಮಾಲು ಸಿಗದೆ ನನ್ನ ತಮ್ಮ ಒದ್ದಾಡಿಬಿಟ್ಟ, ಆ ಬಿಸಿಲೇ ಹಾಳಾಗಲಿ ಎನ್ನುವಳು. ನಾನು ಏಣಿಯ ಮೇಲಿದ್ದು ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ರವಿವಾರ ಬಂದರೆ ನನಗೊಂದು ಕೆಲಸ. ವಾರಕ್ಕೆ ಸಾಕಾಗುವಷ್ಟು ಸೂಜಿಗಳಿಗೆ ದಾರ ಪೋಣಿಸಿ, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಸಾಲಾಗಿ ಚುಚ್ಚಿ ಬರುವುದು. ಗೌಂಡಿಯ ದಪ್ಪ ಬೆರಳುಗಳಿಗೆ ಅದು ಬಗ್ಗುತ್ತಿರಲಿಲ್ಲ. ಅಕ್ಕ ನಗುತ್ತಿದ್ದಳು. ನನಗೆ ಆ ಸೂಜಿಗಳನ್ನು ನೋಡಲಾಗುತ್ತಿರಲಿಲ್ಲ. ಚಳಿಗಾಲ ಹೇಗೋ ಕಳೆಯಿತು. ಮತ್ತೆ ಕೂಲರ್ ಹುಲ್ಲಿನ ವಾಸನೆ ಬಂದ ದಿನ, ಪೋಣಿಸುತ್ತ ಪೋಣಿಸುತ್ತ ಎಲ್ಲ ಹೇಳಿಬಿಟ್ಟೆ. ಚೀಲ, ಕಂಬ, ಬಕೆಟ್ಟು, ಬಂಗಲೆ. ತಲೆ ಎತ್ತದೆ ಹೇಳಿದೆ.

ಅಕ್ಕ ಹುಕ್ಕಿನ ಡಬ್ಬಿ ಮುಚ್ಚಿಟ್ಟಳು. ತೊಡೆಯ ಮೇಲೆ ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡು ಕುಳಿತಿದ್ದಳು.

"ಇದನ್ನ ನನಗ ಯಾಕ ಹೇಳಿದಿ?"

"ಒಳಗ ಇಟ್ಕೊಳ್ಳಾಕ ಆಗವಲ್ದು ಅಕ್ಕಾ."

"ನಿನಗ ಆಗವಲ್ದಂತ ನನಗ ತಂದು ಕೊಟ್ಟಿ." ಮತ್ತೆ ಹೇಳಿದಳು, "ಬಿಸಲಿಗೆ ಬೈಕೊಂತ ಕುಂತಿದ್ದೆ. ಹಗುರ ಇತ್ತು."

ಬಯ್ಯಲಿಲ್ಲ, ಅಳಲಿಲ್ಲ. ಊಟಕ್ಕೆ ಬಡಿಸಿದಳು. ಮಾವನಿಗೆ ಇಂದಿಗೂ ಹೇಳಿಲ್ಲ ಎಂದು ಕಾಣುತ್ತದೆ, ಅವನು ನನ್ನ ಜೊತೆ ಮೊದಲಿನಂತೆಯೇ ಇದ್ದಾನೆ. ಮುಂದಿನ ರವಿವಾರ ಹೋದಾಗ ಕ್ಯಾಲೆಂಡರಿನ ಮೇಲೆ ಸೂಜಿಗಳು ಆಗಲೇ ದಾರ ಪೋಣಿಸಿಕೊಂಡು ಸಾಲಾಗಿ ನಿಂತಿದ್ದವು. ಕಮಲಾಬಾಯಿಯ ಮಗಳು ಪೋಣಿಸಿ ಕೊಟ್ಟಳು ಎಂದಳು ಅಕ್ಕ, ಒಲೆಯ ಕಡೆ ತಿರುಗಿಕೊಂಡು. ಅಂದಿನಿಂದ ಆ ಕೆಲಸ ನನಗೆ ಬರಲಿಲ್ಲ. ಊಟ ಬಂತು, ಚಹಾ ಬಂತು, ತಮ್ಮಾ ಎಂದು ಕರೆಯುವುದೂ ಬಂತು. ಸೂಜಿ ಬರಲಿಲ್ಲ. ನನ್ನಿಂದ ಅವಳು ಏನನ್ನೂ ಕೇಳುವುದೂ ಇಲ್ಲ.

ನಾನು ಮಾತ್ರ ವರ್ಷವೂ ಮೊದಲ ಬಣ್ಣ ಅವಳ ಮನೆಗೇ ಹಚ್ಚುತ್ತೇನೆ. ಈಗ ನನ್ನದೇ ನಾಲ್ಕು ಜನರ ಗುಂಪಿದೆ. ಬಣ್ಣ ಕೈಯಲ್ಲಿಲ್ಲದೆ ಯಾರ ಮಾಳಿಗೆಯನ್ನೂ ಬಿಚ್ಚಬಾರದು ಎಂದು ಅವರಿಗೆ ಎಷ್ಟು ಸಲ ಹೇಳುತ್ತೇನೆಂದರೆ ಅವರು ಬೆನ್ನ ಹಿಂದೆ ನಗುತ್ತಾರೆ. ಮಧ್ಯಾಹ್ನವಾದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಫೋನಿನಲ್ಲಿ ಬಿಸಿಲು ಎಷ್ಟಾಯಿತು ಎಂದು ನೋಡುತ್ತೇನೆ. ಬಿಸಿಲು ವರ್ಷದಿಂದ ವರ್ಷಕ್ಕೆ ಮುಂಚೆ ಬರುತ್ತಿದೆ, ನನ್ನ ಬಿದಿರು ಬಣ್ಣ ಎಷ್ಟು ದಿನ ತಡೆದಾವು ಎಂದು ತಿಳಿಯದು.

ಈ ವರ್ಷ ಸದರ್‌ನಲ್ಲಿ ಆ ವಾಸನೆ ಬಂದ ಮರುದಿನ ಬೆಳಿಗ್ಗೆಯೇ ಬಕೆಟ್ ಹೊತ್ತುಕೊಂಡು ಹೋದೆ. ಮಾವ ಮಾರ್ಕೆಟ್ಟಿಗೆ ಹೋಗಿದ್ದ. ಈಚೆಗೆ ಪ್ರತಿ ವರ್ಷ ಏಣಿ ಹಿಡಿಯುತ್ತಿದ್ದ ಆಳು ಅಂದು ಬಂದಿರಲಿಲ್ಲ. ಬಕೆಟ್ಟನ್ನು ಎಲ್ಲಕ್ಕಿಂತ ಮೊದಲು ಅಕ್ಕನಿಗೆ ಕಾಣುವ ಹಾಗೆ ಬಾಗಿಲಲ್ಲಿ ಇಟ್ಟು, ಗೋಡೆಗೆ ಏಣಿ ಹಚ್ಚಿದೆ. ಯಾರೂ ಹಿಡಿಯದಿದ್ದರೂ ಹತ್ತಬಹುದು ಎಂದುಕೊಂಡು ಎರಡು ಮೆಟ್ಟಿಲು ಏರಿದೆ. ಅಷ್ಟರಲ್ಲಿ ಏಣಿ ನಡುಗತೊಡಗಿತು.

ಕೆಳಗೆ ನೋಡಿದೆ. ಅಕ್ಕ ಬಂದು ಎರಡೂ ಕೈಯಿಂದ ಏಣಿ ಹಿಡಿದು ನಿಂತಿದ್ದಳು.

"ಬ್ಯಾಡ ಅಕ್ಕಾ, ಬಿಡು. ನಾ ಹತ್ತತೀನಿ."

"ಮ್ಯಾಲೆ ನೋಡು" ಎಂದಳು.

ಅವಳ ಕೈಯ ನಡುಕ ಬಿದಿರಿನಲ್ಲಿ ಏರಿ ನನ್ನ ಅಂಗಾಲಿಗೆ ಬರುತ್ತಿತ್ತು. ಬಿಡು ಎಂದು ಇನ್ನೊಂದು ಸಲ ಹೇಳಿದೆ. ಅವಳು ಬಿಡಲಿಲ್ಲ. ತಗಡು ಮುಟ್ಟುವವರೆಗೂ ಏಣಿ ನಡುಗುತ್ತಲೇ ಇತ್ತು, ನಾನು ಹತ್ತುತ್ತಲೇ ಹೋದೆ.